ಸಬ್‌ಮರೀನಿನ ದುಭಾಷಿ

ಯಾರ ಮನೆಯ ಮದುವೆಗೆ ಹೋಗುವುದಿದ್ದರೂ ಅವರು ಮನೆಯಲ್ಲಿ ಒಂದು ರೊಟ್ಟಿ ತಿಂದೇ ಹೊರಡುತ್ತಿದ್ದರು. ಪಂಕ್ತಿಯಲ್ಲಿ ಕೂತಾಗ ಎಲೆಗೆ ಬಡಿಸಿದ್ದು ಬಡಿಸಿದ ಹಾಗೇ ಇರುತ್ತಿತ್ತು. ಬಲಗಡೆಯವರು ಮಾತಾಡಿದರೆ ಬಲಕ್ಕೆ, ಎಡಗಡೆಯವರು ಮಾತಾಡಿದರೆ ಎಡಕ್ಕೆ ಕತ್ತು ತಿರುಗಿಸುತ್ತ ಕೂಡುವರು. “ಉಣ್ರೀ ಅಕ್ಕಾರ” ಎಂದು ನಾನು ಮೊಣಕೈಯಿಂದ ತಿವಿದರೆ ಬೆಚ್ಚಿ ಕೈ ಎಲೆಗೆ ಹಾಕುವರು.

“ಏನ ಮಾಡ್ಲಿ ಬೇ, ಮಂದಿ ಮಾತಾಡಾಕತ್ರ ನನಗ ತುತ್ತು ಇಳ್ಯಂಗಿಲ್ಲ. ಬಾಯಾಗ ಅನ್ನ ಇದ್ರ ಮಾತು ದಾಟಸಾಕ ಬರ್ತೈತೇನ?”

ಅವರು ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. ಶ್ರಾವಣದ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಬನಹಟ್ಟಿಯ ನಮ್ಮ ಓಣಿಗೆಲ್ಲ ಅವರು ‘ರಷ್ಯಾ ಅಕ್ಕಾರು’. ಪಕ್ಕದ ಮನೆಯವಳಾದ ನಾನು ವರ್ಷಗಟ್ಟಲೆ ಸಂಜೆಯ ಚಹಾ ಅವರ ಜೊತೆ ಕುಡಿದಿದ್ದೇನೆ. ಆದರೂ ಅವರು ಎಂಥವರಾಗಿದ್ದರು ಎಂದು ಯಾರಾದರೂ ಕೇಳಿದರೆ ಯಾವ ಕಡೆಯಿಂದ ಶುರು ಮಾಡಬೇಕೋ ತೋಚುವುದಿಲ್ಲ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನನಗೆ, ಯಾವ ದೇಶ ಯಾವ ದೇಶಕ್ಕೆ ಯಾಕೆ ಆಯುಧ ಮಾರುತ್ತದೆ ಎಂಬುದನ್ನಾದರೂ ವಿವರಿಸಲು ಬರುತ್ತದೆ. ಆ ಎರಡು ದೇಶಗಳ ನಡುವೆ ಕೂತಿದ್ದ ಈ ಹೆಂಗಸನ್ನು ವಿವರಿಸಲು ಬರುವುದಿಲ್ಲ.

ಅವರ ತಂದೆ ಮುಧೋಳದ ದನದ ಸಂತೆಯಲ್ಲಿ ದಲಾಲರು. ಟವೆಲಿನ ಕೆಳಗೆ ಬೆರಳು ಹಿಡಿದು ಎತ್ತುಗಳ ಬೆಲೆ ಕುದುರಿಸುತ್ತಿದ್ದವರು. ಮಗಳನ್ನು ಓದಲಿಕ್ಕೆಂದು ಪುಣೆಗೆ, ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲಿ ಜರ್ಮನ್ ತರಗತಿ ತುಂಬಿಹೋಗಿತ್ತೆಂದು ರಷ್ಯನ್ ತರಗತಿಗೆ ಸೇರಿಕೊಂಡರಂತೆ. ಅಷ್ಟರಿಂದಲೇ ಮುಂದಿನದೆಲ್ಲ ಆಯಿತು. ಮಾಸ್ಕೋದಲ್ಲಿ ಎರಡು ವರ್ಷ, ಆಮೇಲೆ ವಿಶಾಖಪಟ್ಟಣದಲ್ಲಿ ನೌಕಾಪಡೆಯವರ ಜೊತೆ, ಆಮೇಲೆ ದಿಲ್ಲಿಯಲ್ಲಿ ಸ್ವಂತವಾಗಿ ದುಭಾಷಿ. ಕೊಳ್ಳುವವರು ಕರೆದಾಗ ಕೊಳ್ಳುವವರ ಪಕ್ಕ, ಮಾರುವವರು ಕರೆದಾಗ ಮಾರುವವರ ಪಕ್ಕ. ಮದುವೆಯಾಗಲಿಲ್ಲ. ವಯಸ್ಸಾದ ಮೇಲೆ ಬನಹಟ್ಟಿಗೆ ಬಂದು ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ನೆಲೆನಿಂತರು. ಕೆಳಗೆ ನಾಲ್ಕು ಪವರ್‌ಲೂಮುಗಳು ದಿನವಿಡೀ ಬಡಿದುಕೊಳ್ಳುತ್ತಿದ್ದರೂ ಅವರಿಗೆ ಅದು ತೊಂದರೆಯಾಗಲಿಲ್ಲ. ಕಿವಿಗೆ ಇಯರ್‌ಫೋನು ಹಾಕಿಕೊಂಡು ಮೂವತ್ತು ವರ್ಷ ಕೂತವರಿಗೆ ಬೇಡದ ಸಪ್ಪಳ ಬಿಟ್ಟುಬಿಡುವುದು ಗೊತ್ತಿತ್ತು.

ಊರಲ್ಲಿ ಕೆಲವರು ಅವರು ಸಬ್‌ಮರೀನ್ ಮಾರುತ್ತಿದ್ದರು ಎಂದರು, ಕೆಲವರು ಕೊಳ್ಳುತ್ತಿದ್ದರು ಎಂದರು. ಅವರು ಯಾರನ್ನೂ ತಿದ್ದಲು ಹೋಗಲಿಲ್ಲ. ಸಬ್‌ಮರೀನ್ ಎಂಬ ಶಬ್ದವನ್ನೂ ಅವರು ಬಳಸುತ್ತಿದ್ದುದು ಕಡಿಮೆ. ರಷ್ಯನ್ನರು ಅದಕ್ಕೆ ದೋಣಿ ಅನ್ನುತ್ತಾರಂತೆ. ಅದರೊಳಗೆ ಕೆಲಸ ಮಾಡುವ ನಾವಿಕರೂ ಹಡಗು ಅಂದರೆ ಮೂಗು ಮುರಿಯುತ್ತಾರಂತೆ. ಹಾಗಾಗಿ ಇವರಿಗೂ ಅದು ದೋಣಿಯೇ.

ಅವರ ಬಾಯಿಂದ ಕಥೆ ಕೇಳುವುದೇ ಒಂದು ಕಷ್ಟ. ದುಭಾಷಿ ಯಾರ ಮಾತು ದಾಟಿಸುತ್ತಾನೋ ಅವರೇ ಆಗಿ ಮಾತಾಡಬೇಕು, ‘ಅವರು ಹೀಗೆ ಹೇಳುತ್ತಾರೆ’ ಅನ್ನುವ ಹಾಗಿಲ್ಲ. ಆ ರೂಢಿ ಅವರನ್ನು ಬಿಟ್ಟಿರಲಿಲ್ಲ.

“ನಾ ಹೇಳ್ದೆ, ಈ ದೋಣಿ ಬಾಜೂಕ ಹಾದ್ರ ಮೀನಿಗೂ ಸಪ್ಪಳ ಕೇಳಂಗಿಲ್ಲ ಅಂತ. ಅದಕ್ಕ ನಾ ಅಂದೆ, ಹಂಗಾರ ನಮ್ಮ ನೀರಾಗ ಓಡಿಸಿ ತೋರಸ್ರಿ, ನಮ್ಮ ಸಮುದ್ರ ನಿಮ್ಮದರಂಗ ತಣ್ಣಗಿಲ್ಲ. ಆವಾಗ ನಾ ಸಿಟ್ಟಾದೆ.”

“ಯಾವ ನಾ ರೀ ಅಕ್ಕಾರ? ಸಿಟ್ಟಾದವ್ರು ಯಾರು?”

ಚಹಾದ ಕಪ್ಪು ಕೆಳಗಿಟ್ಟು ಯೋಚಿಸುವರು. “ಮಾರಾವ್ರು. ತಡಿ, ಅಲ್ಲ, ಕೊಳ್ಳಾವ್ರು.” ಎಷ್ಟೋ ಸಲ ನಿಜಕ್ಕೂ ನೆನಪಾಗುತ್ತಿರಲಿಲ್ಲ. “ಇಬ್ಬರ ಸಿಟ್ಟೂ ನನ್ನ ಬಾಯಿಂದನ ಬಂದದ್ದಲ್ಲ. ಯಾರದಂತ ಹೇಳ್ಲಿ?”

ಅವರ ಅಣ್ಣನಿಗೆ ತಂಗಿಯ ಕಸುಬು ಅರ್ಥವಾದದ್ದು ಒಂದೇ ಒಂದು ಸಂಜೆ. ರಷ್ಯಾದಿಂದ ಅಣುಶಕ್ತಿಯ ಸಬ್‌ಮರೀನನ್ನು ಗುತ್ತಿಗೆಗೆ ತರುವ ವಿಷಯ ಪೇಪರಿನಲ್ಲಿ ಬಂದಿತ್ತು. ಓದಿ ಕನ್ನಡಕ ತೆಗೆದು ಕೇಳಿದರು.

“ಅಲ್ಲವಾ, ಡೀಸೆಲ್ಲಿಂದು ಮಾರ್ತಾರ, ಅಣುಶಕ್ತೀದು ಯಾಕ ಮಾರೂದಿಲ್ಲ?”

“ಅದನ್ನ ಹಂಗ ಸುಮ್ನ ಮಾರೂದಿಲ್ಲಣ್ಣಾ. ಲಾವಣಿಗೆ ಕೊಡ್ತಾರ. ಹತ್ತು ವರ್ಷ ಓಡಸ್ರಿ, ಆಮ್ಯಾಲ ಹೊಳ್ಳಿ ಕೊಡ್ರಿ ಅಂತ.”

ಜಮಖಂಡಿ ರಸ್ತೆಯಲ್ಲಿರುವ ತಮ್ಮ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದ ಅಣ್ಣ ನೆಟ್ಟಗೆ ಕೂತರು. “ಲಾವಣಿ ಹೊಲದಾಗ ಬೋರ್ ಹಾಕಾಕ ಬಿಡಬಾರ್ದು. ಅದಕೂ ಹಂಗೇನರ ಐತೇನ?”

“ಐತಿ. ಏನ ಇಡಬೇಕು, ಏನ ಇಡಬಾರ್ದು, ಎಲ್ಲಾ ಮೊದಲ ಮಾತಾಡಿರ್ತಾರ. ಅಣುಬಾಂಬ್ ಇಡೂ ಹಂಗಿಲ್ಲ.”

“ಮತ್ತ ಯಾಕ ತಗೋಬೇಕ ಅದನ್ನ?”

“ಕಲಿಯಾಕ. ನಮ್ದ ಕಟ್ಟಿ ನಾವ ಓಡಸೂ ತನಕ.”

ಅಣ್ಣ ಬಹಳ ಹೊತ್ತು ತಲೆಯಾಡಿಸಿದರು. ಹೊಲದಷ್ಟಕ್ಕೆ ವಿಷಯ ತಿಳಿಯಿತೆಂದು ಕಾಣುತ್ತದೆ. ನನಗೆ ಹೊಳೆಯದೆ ಉಳಿದದ್ದು ಬೇರೆ. ಆ ‘ನಾವು’ ಅಂದದ್ದು ಈ ಸಲವಾದರೂ ಅಕ್ಕಾರೇ ಆಗಿದ್ದರೋ, ಅಥವಾ ಯಾವುದೋ ಸಭೆಯ ಯಾವುದೋ ಅಧಿಕಾರಿಯೋ.

ಒಮ್ಮೆ ಅವರನ್ನು ಚಿಕ್ಕಪಡಸಲಗಿಯ ಬ್ಯಾರೇಜಿಗೆ ಕರೆದುಕೊಂಡು ಹೋಗಿದ್ದೆ. ಕೃಷ್ಣೆ ತುಂಬಿತ್ತು. ಇದನ್ನು ರೈತರೇ ದುಡ್ಡು ಹಾಕಿ, ಮೈ ಬಗ್ಗಿಸಿ ಕಟ್ಟಿದ್ದು ಎಂದೆ. ಅವರು ಕೇಳಿದ್ದು ಇಷ್ಟೇ: “ಏನರ ಮುರೀತಂದ್ರ ಸಾಮಾನ ಎಲ್ಲಿಂದ ತರಸ್ತಾರ?” ಇಲ್ಲಿಯೇ ಮಾಡಿಸುತ್ತಾರೆ ಎಂದದ್ದಕ್ಕೆ ನೀರು ನೋಡುತ್ತ ನಿಂತರು. “ದೋಣಿ ಮಾರೂದು ಒಂದ ಸಲ. ಅದರ ಸಾಮಾನ ಮಾರೂದು ಅದು ಸಾಯೂ ತನಕ. ನಡುವ ಮಾರಾವ್ರ ದೇಶ ಒಡದು ಹೋದ್ರ, ಕೊಂಡಾವ್ರು ಒಂದು ವಾಲ್ವಿಗಂತ ಊರೂರು ತಿರಗಬೇಕು. ನಾನೂ ತಿರಗೀನಿ ಅವರ ಜೋಡಿ.” ಅದನ್ನು ಬೇಸರದಿಂದ ಹೇಳಿದರೋ ಹೆಮ್ಮೆಯಿಂದ ಹೇಳಿದರೋ, ಮುಖ ನೋಡಿದರೂ ತಿಳಿಯಲಿಲ್ಲ.

ನಮ್ಮ ಕಾಲೇಜಿಗೂ ಒಮ್ಮೆ ಮಾತಾಡಲು ಬಂದಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಾರಾವ್ರು ಸುಳ್ಳ ಹೇಳಿದ್ರ ನೀವೇನ ಮಾಡ್ತಿದ್ರಿ?” ಎಂದಳು.

“ಸುಳ್ಳನ್ನ ಚಂದ ಅನುವಾದ ಮಾಡ್ತಿದ್ದೆ.”

ತರಗತಿ ನಕ್ಕಿತು. ಅವರು ನಗಲಿಲ್ಲ. “ನಗಬ್ಯಾಡ್ರಿ. ನಾ ನಡುವ ತಿದ್ದಿ ಖರೇದ ಹೇಳಿದೆ ಅಂತ ತಿಳ್ಕೋರಿ. ಅವ ಸುಳ್ಳ ಹೇಳಾವ ಅಂತ ಕೊಳ್ಳಾವ್ರಿಗೆ ಎಂದಾದ್ರೂ ಗೊತ್ತಾಗ್ತೈತೇನ?”

ಅಂದು ಮನೆಗೆ ಬರುವಾಗ ಇದೇ ಅವರ ಧರ್ಮ, ಈಗ ಇವರು ಅರ್ಥವಾದರು ಎಂದುಕೊಂಡೆ. ಆ ಸಮಾಧಾನ ತಿಮ್ಮಾಪುರದ ಹೆಣ್ಣುಮಗಳು ಬರುವ ತನಕ ಇತ್ತು.

ಆಕೆ ಬಂದದ್ದು ಮೂರು ವರ್ಷದ ಹಿಂದೆ. ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಹಣೆಯ ಮೇಲೆ ದೇವರ ಅರಿಶಿಣ, ಭಂಡಾರ. ಮನೆಯ ಗಂಡಸರು ಕುರಿಯ ಜೊತೆಗೆ ಮುಧೋಳ ನಾಯಿಗಳನ್ನೂ ಸಾಕಿ ಮರಿ ಮಾರುವವರು. ಆಕೆಯ ಮಗ ಬನಹಟ್ಟಿಯ ಹಾಸ್ಟೆಲಿನಲ್ಲಿದ್ದು ನನ್ನ ಹತ್ತಿರ ಪಿಯುಸಿ ಓದಿ, ನೌಕಾಪಡೆ ಸೇರಿದ್ದ. ಈಗ ತಾನಾಗಿಯೇ ಸಬ್‌ಮರೀನಿಗೆ ಹೆಸರು ಕೊಟ್ಟಿದ್ದಾನೆ, ರಷ್ಯಾದಿಂದ ತಂದ ಹಳೆಯ ಡೀಸೆಲ್ ಸಬ್‌ಮರೀನೊಂದಕ್ಕೆ ಹಾಕುತ್ತಾರೆ. ಇದನ್ನೆಲ್ಲ ಹೇಳಿ ಆಕೆ ನನ್ನನ್ನು ಕರೆದುಕೊಂಡೇ ಅಕ್ಕಾರ ಕೋಣೆ ಹತ್ತಿದಳು.

“ನೀವ ಕೊಡಿಸಿದ್ದಂತಲ್ರೀ ಆ ದೋಣಿ.”

“ನಾ ಕೊಡಿಸಿಲ್ಲವಾ. ಕೊಡಾವ್ರ ಮಾತು ತಗೊಳ್ಳಾವ್ರಿಗೆ ಹೇಳೀನಿ, ಅಷ್ಟ.”

“ಅಷ್ಟರ ಹೇಳೀರಲ್ರೀ. ಛಲೋ ಐತೇನ್ರಿ ಅದು?” ಆಕೆ ಬಾಗಿಲ ಬಳಿಯೇ ಕೂತಳು. “ನನ್ನ ತವರಮನಿ ಅನಗವಾಡಿರೀ, ಹೊಳಿ ದಂಡಿ. ಮುಳಗಿದ ದೋಣಿ ಕಣ್ಣಾರೆ ನೋಡೀನಿ. ಮುಳಗಸಾಕಂತನ ಕಟ್ಟಿದ ದೋಣಿ ಎಲ್ಲೂ ನೋಡಿಲ್ಲ. ನೀವು ಹೂಂ ಅಂದ್ರ ಕಳಸ್ತೀನಿ. ಬ್ಯಾಡಂದ್ರ ಬೀರಪ್ಪನ ಆಣಿ ಹಾಕಿ ನಿಲ್ಲಸ್ತೀನಿ.”

ಅಕ್ಕಾರು ನನ್ನ ಕಡೆ ತಿರುಗಿದರು. ನಾನು ಏನಾದರೂ ಹೇಳಿದರೆ ಅದನ್ನು ಆಕೆಗೆ ದಾಟಿಸಿಬಿಡೋಣ ಎಂಬಂತೆ ಕಾದರು. ನಾನು ಏನು ಹೇಳಲಿ? ಕೊನೆಗೆ ತಾವೇ, “ವಿಚಾರ ಮಾಡಿ ಹೇಳ್ತೀನವಾ. ನಾನ ನಿಮ್ಮೂರಿಗೆ ಬರ್ತೀನಿ” ಎಂದರು.

ಮುಂದಿನ ಭಾನುವಾರ ನನ್ನ ಕಾರಿನಲ್ಲಿ ತಿಮ್ಮಾಪುರಕ್ಕೆ ಹೊರಟೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಹೋಗುತ್ತಿರುವಾಗ ನಾನು ಕೇಳದೆಯೇ ಅಕ್ಕಾರು ಹೇಳಲು ಶುರು ಮಾಡಿದರು.

ಡೀಸೆಲ್ ದೋಣಿ ನೀರಿನೊಳಗೆ ಬ್ಯಾಟರಿಯ ಮೇಲೆ ಓಡುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಬೆಂಕಿ ಹತ್ತುವಂಥ ಗಾಳಿ ಹುಟ್ಟುತ್ತದೆ. ಅದನ್ನು ಹೊರಗೆ ನೂಕಲು ಫ್ಯಾನುಗಳಿರುತ್ತವೆ. ಮಾರಾಟದ ಸಭೆಯೊಂದರಲ್ಲಿ ಕೊಳ್ಳುವವರ ಕಡೆಯ ಅಧಿಕಾರಿ ಕೇಳಿದರಂತೆ, ಒಂದು ಫ್ಯಾನು ಕೆಟ್ಟಿದ್ದರೆ ಉಳಿದದ್ದರ ಮೇಲೆ ಚಾರ್ಜ್ ಮಾಡಬಹುದೇ ಎಂದು. ಮಾರುವವರ ಕಡೆಯ ವಯಸ್ಸಾದ ಇಂಜಿನಿಯರು ಒಂದೇ ಶಬ್ದದಲ್ಲಿ ಉತ್ತರ ಕೊಟ್ಟರು.

“ಅವ ಅಂದ ರೀತಿಯೊಳಗ ಆ ಶಬ್ದಕ್ಕ ‘ಮಾಡಬಾರ್ದು’ ಅಂತನೂ ಅರ್ಥ ಬರ್ತಿತ್ತು, ‘ಮಾಡದಿದ್ರ ಛಲೋ’ ಅಂತನೂ ಬರ್ತಿತ್ತು. ನಾ ಕೇಳ್ದೆ, ಯಾವುದಂತ. ಮುದುಕ ಹೆಗಲು ಮ್ಯಾಲೆತ್ತಿ ಕೆಳಗ ಬಿಟ್ಟ. ನಾ ‘ಮಾಡದಿದ್ರ ಛಲೋ’ ಅಂತ ಹೇಳ್ದೆ. ಹೆಗಲನ್ನ ಹೆಂಗ ಅನುವಾದ ಮಾಡೂದು?”

“ಕೊಳ್ಳಾವ್ರೂ ನೋಡಿರ್ಬೇಕಲ್ರೀ, ಎದುರಿಗೇ ಕೂತಿದ್ರಲ್ಲ.”

“ತಲಿ ಬಗ್ಗಿಸಿ ಬರ್ಕೊಳ್ಳಾಕತ್ತಿದ್ರು. ನೋಡಿದ್ರೋ ಇಲ್ಲೋ.” ಮುಂದಿನ ಟ್ರ್ಯಾಕ್ಟರಿನ ಕಬ್ಬು ನೋಡುತ್ತ ಮುಂದುವರಿಸಿದರು. “ಆಮ್ಯಾಲ ಬ್ಯಾರೆ ದೇಶದಾಗ, ಅಂಥದ ಒಂದು ದೋಣಿಯೊಳಗ ಬೆಂಕಿ ಬಿತ್ತು ಅಂತ ಓದಿದೆ. ಮಂದಿ ಸತ್ರು. ಯಾಕ ಬಿತ್ತಂತ ಬರದಿರಲಿಲ್ಲ. ಅದಕೂ ನನಗೂ ಸಂಬಂಧ ಇಲ್ಲ, ಅವರ ದುಭಾಷಿ ಬ್ಯಾರೆ. ಆ ದುಭಾಷಿ ಅವರಿಗೆ ಯಾವ ಅರ್ಥ ಹೇಳಿದ್ನೋ ಏನೋ.”

“ಹಂಗಾರ ಇವತ್ತ ಏನ ಹೇಳ್ತೀರಿ?”

“ಬ್ಯಾಡ ಅಂತೀನಿ” ಎಂದರು. ಅಷ್ಟು ಗಟ್ಟಿಯಾಗಿ ಅವರು ತಮ್ಮದೇ ಮಾತು ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ತಿಮ್ಮಾಪುರದಲ್ಲಿ ಬೇವಿನ ಮರದ ಕೆಳಗೆ ಕಟ್ಟಿದ್ದ ಎರಡು ಸಣಕಲು ನಾಯಿಗಳು ನಮ್ಮನ್ನು ನೋಡಿ ಎದ್ದು ನಿಂತವು. ರಜೆಯ ಮೇಲೆ ಬಂದಿದ್ದ ಹುಡುಗ ಓಡಿಬಂದು ಇಬ್ಬರ ಕಾಲೂ ಮುಟ್ಟಿದ. ಹಾಸಿದ ಕಂಬಳಿಯ ಮೇಲೆ ಕೂರುವುದೇ ತಡ, “ಅಕ್ಕಾರ, ನೀವು ಸಿಗ್ತೀರಂತ ನಾಕು ದಿನದಿಂದ ಕಾಯಾಕತ್ತೀನ್ರಿ” ಎಂದ. ದೋಣಿಯೊಳಗಿನ ಫಲಕಗಳಲ್ಲಿ ರಷ್ಯನ್ ಅಕ್ಷರಗಳು ಹಾಗೇ ಇವೆ, ಪಕ್ಕದಲ್ಲಿ ಇಂಗ್ಲಿಷ್ ಬರೆದಿದ್ದರೂ ಕೆಲವೆಡೆ ಅಳಿಸಿಹೋಗಿದೆಯಂತೆ, ಹಿರಿಯ ನಾವಿಕರು ಆ ಶಬ್ದಗಳನ್ನು ತಮಗೆ ತಿಳಿದಂತೆ ಅನ್ನುತ್ತಾರೆ, ತನಗೆ ಸರಿಯಾಗಿ ಕಲಿಯಬೇಕು. ಹೀಗೆ ಹೇಳಿ, ತರಬೇತಿಯಲ್ಲಿ ಕಿವಿಗೆ ಬಿದ್ದ ಒಂದು ಶಬ್ದ ಅಂದು ತೋರಿಸಿದ.

ಅಕ್ಕಾರು ಕಣ್ಣು ಮುಚ್ಚಿ ಕೇಳಿದರು. “ಹಂಗಲ್ಲಪಾ. ನಾಲಿಗಿ ಹಲ್ಲಿನ ಹಿಂದ ಇಡು” ಎಂದು ತಾವು ಅಂದು ತೋರಿಸಿದರು. ಅವನು ಮತ್ತೆ ಅಂದ. ಅವರು ನಕ್ಕರು. ಅಲ್ಲಿಂದ ಮುಂದೆ ಅಂಗಳದಲ್ಲಿ ರಷ್ಯನ್ನೇ. ತೆರೆದಿದೆ, ಮುಚ್ಚಿದೆ, ನೀರು, ಗಾಳಿ, ಬಾಗಿಲು, ನಿಧಾನ, ಈಗಲೇ. ಹುಡುಗನಿಗೆ ಒಳ್ಳೆಯ ಕಿವಿ. ಎರಡು ಸಲ ಹೇಳಿದ್ದನ್ನು ಮೂರನೆಯ ಸಲ ಹೇಳಿಸಿಕೊಳ್ಳಲಿಲ್ಲ. ಅಕ್ಕಾರ ಮುಖ ಕೆಂಪೇರಿತ್ತು. ಊಟಕ್ಕೆ ಕೂತಾಗಲೂ ಪಾಠ ನಿಲ್ಲಲಿಲ್ಲ. ನಾಲ್ಕು ಮಂದಿಯ ನಡುವೆ ತುತ್ತು ಇಳಿಯದ ಅವರು ಅಂದು ಎರಡು ಸಜ್ಜೆ ರೊಟ್ಟಿ, ಮೇಲೆ ಮಜ್ಜಿಗೆ ಮುಗಿಸಿದರು. ತಾಯಿ ಕಂಬಕ್ಕೆ ಒರಗಿ ನಿಂತು ಇಬ್ಬರನ್ನೂ ನೋಡುತ್ತಲೇ ಇದ್ದಳು.

ಹೊರಡುವಾಗ ನಾನು ಅಕ್ಕಾರ ಮುಖ ನೋಡಿದೆ. ಅವರು ಬಾಯಿ ತೆರೆಯುವುದರೊಳಗೆ ಆಕೆ ಅವರ ಹಣೆಗೆ ಭಂಡಾರ ಹಚ್ಚಿ, “ಆತ್ರೀ ಅಕ್ಕಾರ, ನನಗ ತಿಳೀತು” ಎಂದು ಕಾಲಿಗೆ ಬಿದ್ದಳು.

ಮುಧೋಳ ದಾಟಿದ ಮೇಲೆ ಅಕ್ಕಾರು ನನ್ನ ಕಡೆ ತಿರುಗಿದರು.

“ನಾ ಏನ ಹೇಳ್ದೆ ಆಕಿಗೆ?” ಎಂದರು.

“ನೀವೇನೂ ಹೇಳಲಿಲ್ರಿ.”

“ಆಕಿ ಏನ ತಿಳ್ಕೊಂಡ್ಳು?”

“ಹೋಗ್ಲಿ ಅಂದ್ರಿ ಅಂತ.”

ಅವರು ಸೆರಗಿನಿಂದ ಹಣೆ ಒರೆಸಲು ಹೋಗಿ ಕೈ ಇಳಿಸಿದರು. ಕಾರು ತಿರುಗಿಸಲೇ ಎಂದು ಕೇಳಿದೆ. ಕೇಳಿಸಿಕೊಂಡವರಂತೆ ಕಾಣಲಿಲ್ಲ. “‘ಬಾಗಿಲು’ ಅನ್ನೂದನ್ನ ಎಷ್ಟ ಸ್ವಚ್ಛ ಅಂದ ನೋಡು. ವರ್ಷಗಟ್ಟಲೆ ಕಲ್ತವ್ರೂ ತಪ್ಪತಾರ” ಎಂದರು. ತಪ್ಪಿಸಿಕೊಳ್ಳಲು ಹಾಗೆ ಅಂದರೋ, ಅಥವಾ ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ನಿಜಕ್ಕೂ ಅಷ್ಟೇ ಇತ್ತೋ ಎಂದು ನಾನು ಈಗಲೂ ಯೋಚಿಸುತ್ತೇನೆ.

ಹುಡುಗ ಹೋದ. ಅವನಿದ್ದ ದೋಣಿ ಮುಳುಗುತ್ತ ಏಳುತ್ತ ಇತ್ತು. ಅಕ್ಕಾರು ಪೇಪರು ಬಂದ ತಕ್ಷಣ ನೌಕಾಪಡೆಯ ಸುದ್ದಿ ಹುಡುಕಿ ಒಳಪುಟಗಳನ್ನು ಮೊದಲು ತೆರೆಯುವುದನ್ನು ರೂಢಿ ಮಾಡಿಕೊಂಡರು. ನಾನಾಗಿ ಏನೂ ಕೇಳಲಿಲ್ಲ. ಆ ದಿನಗಳಲ್ಲೇ ಒಮ್ಮೆ ಅವರು ಮಾಳಿಗೆಯ ಮೇಲೆ ನಿಂತು ಫೋನಿನಲ್ಲಿ ಯಾರೊಂದಿಗೋ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದುದನ್ನು ನೋಡಿದೆ. ಮಗ್ಗದ ಸಪ್ಪಳದಲ್ಲಿ ನನಗೆ ಕೇಳಿಸಿದ್ದು ಎರಡೇ ಮಾತು. ‘ಸರ್’ ಎಂಬುದೊಂದು, ‘ನನಗಾಗಿ ಅಲ್ಲ’ ಎಂಬುದೊಂದು. ಅವರು ಓಣಿಯವರ ಪಾಸ್‌ಪೋರ್ಟು, ಪಿಂಚಣಿ, ಆಸ್ಪತ್ರೆ ಎಂದು ಹತ್ತು ಜನರಿಗೆ ಹತ್ತು ಕಡೆ ಫೋನು ಮಾಡುತ್ತಿದ್ದವರು. ಅದು ಯಾವುದರ ಫೋನೋ.

ಹೋದ ವರ್ಷ ಹುಡುಗನನ್ನು ದೋಣಿಯಿಂದ ಇಳಿಸಿ ದಂಡೆಯ ಮೇಲಿನ ಕೆಲಸಕ್ಕೆ ಹಾಕಿದರು. ತಪಾಸಣೆಯಲ್ಲಿ ಕಿವಿ ಸರಿಯಿಲ್ಲ, ನೀರಿನೊಳಗಿನ ಒತ್ತಡ ತಡೆಯುವುದಿಲ್ಲ ಎಂದರಂತೆ. ತಾಯಿ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಳು. ಅಕ್ಕಾರ ಎರಡೂ ಕೈ ಹಿಡಿದು ಅತ್ತಳು.

“ಅವತ್ತ ಎಲ್ಲಾರ ಮುಂದ ಹೇಳಾಕ ಆಗಿಲ್ಲ ನಿಮಗ. ಒಳಗಿಂದೊಳಗ ಮಾಡಿ ಕೊಟ್ರಿ. ನಿಮ್ಮ ಉಪಕಾರ ಸಾಯೂ ತನಕ ಮರಿಯಂಗಿಲ್ಲ.”

ಅಕ್ಕಾರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಹುಡುಗ ಹೆಂಗದಾನ?” ಎಂದರು.

“ನನ್ನ ಮ್ಯಾಲ, ನಿಮ್ಮ ಮ್ಯಾಲ ಸಿಟ್ಟ ಬಂದೈತ್ರಿ ಅವಗ. ಅಕ್ಕಾರಿಗೆ ಹೇಳಿ ನೀನ ಇಳಿಸಿದಿ ಅಂತಾನ. ಹೋಗ್ಲಿ ಬಿಡ್ರಿ, ಜೀವದಿಂದ ಇದ್ದು ಸಿಟ್ಟಾಗ್ಲಿ.”

ಆಕೆ ಹೋದ ಮೇಲೆ ಕೇಳಿದೆ. “ಖರೇನ ಫೋನ್ ಮಾಡಿದ್ರೇನ್ರಿ?”

“ಆಕಿ ಹಂಗ ತಿಳ್ಕೊಂಡಾಳ.”

“ಆಕಿ ತಿಳ್ಕೊಂಡದ್ದು ಕೇಳಾಕತ್ತಿಲ್ರಿ. ನೀವು ಮಾಡಿದ್ದು ಕೇಳಾಕತ್ತೀನಿ.”

ಅವರು ಡಬ್ಬಿಯ ಮುಚ್ಚಳ ತೆಗೆದು ಒಂದು ಹೋಳಿಗೆ ನನ್ನ ಕೈಗಿಟ್ಟರು. “ನಾ ಮಾಡೀನಿ ಅಂದ್ರ ಆ ಹುಡುಗಗ ಕೆಡಕಾಗ್ತೈತಿ. ಮಾಡಿಲ್ಲಂದ್ರ ಆಕಿಗೆ ಕೆಡಕಾಗ್ತೈತಿ. ಏನಂತ ಹೇಳ್ಲಿ, ನೀನ ಹೇಳು” ಎಂದರು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಅವರು ತೀರಿದ ಮೂರನೆಯ ದಿನ ತಾಯಿ ಮಗ ಇಬ್ಬರೂ ಮೋಟರ್‌ಸೈಕಲ್ಲಿನ ಮೇಲೆ ಬಂದರು. ತಾಯಿ ಒಳಗೆ ಹೋಗಿ ಅಕ್ಕಾರ ಅತ್ತಿಗೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ರಜೆಯ ಮೇಲೆ ಊರಿಗೆ ಬಂದಿದ್ದ ಹುಡುಗ ಹೊರಗೆ ಕಟ್ಟೆಯ ಬಳಿ ನಿಂತಿದ್ದ. ಮೈ ತುಂಬಿಕೊಂಡಿದ್ದ, ಮೀಸೆ ಬಂದಿತ್ತು. ನಾನು ಹತ್ತಿರ ಹೋದೆ.

“ಮೇಡಂ, ಅಕ್ಕಾರು ಯಾರಿಗರ ಫೋನ್ ಮಾಡಿದ್ರೇನ್ರಿ? ನಿಮಗ ಗೊತ್ತಿರ್ಬೇಕು.”

“ಗೊತ್ತಿಲ್ಲಪಾ. ಕೇಳಿದ್ದೆ. ಹೇಳಲಿಲ್ಲ.”

ಅವನು ನೆಲ ನೋಡಿದ. “ಮಾಡಿದ್ರಂದ್ರ ಅವರ ಮ್ಯಾಲ ನನಗ ಸಿಟ್ಟ ಬರ್ತೈತ್ರಿ. ಸತ್ತವ್ರ ಮ್ಯಾಲ ಎಷ್ಟ ದಿನ ಸಿಟ್ಟ ಇಟ್ಕೊಳ್ಳಿ? ಮಾಡಿಲ್ಲಂದ್ರ, ನನ್ನ ಕಿವಿ ಖರೇನ ಹೋಗ್ಯಾವ ಅಂತಾತು. ಎರಡರಾಗ ಯಾವುದಿರ್ಲಂತ ಬೇಡ್ಕೊಳ್ಳಿ ಹೇಳ್ರಿ.”

ತಾಯಿ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಇಬ್ಬರೂ ಗಾಡಿ ಹತ್ತಿದರು. ಅವರು ನಾಲ್ಕು ಮನೆ ದಾಟಿದ್ದರೋ ಇಲ್ಲವೋ, ಆಕೆ ತನ್ನ ಚೀಲವನ್ನು ಕಟ್ಟೆಯ ಮೇಲೆಯೇ ಬಿಟ್ಟಿದ್ದು ಕಂಡಿತು. ಹುಡುಗನ ಹೆಸರು ಹಿಡಿದು ಕೂಗಿದೆ. ಓಣಿಯ ಎರಡೂ ಕಡೆ ಮಗ್ಗ ನಡೆದಿದ್ದವು. ತಾಯಿ ತಿರುಗಿ ನೋಡಿದಳು, ಅವನು ತಿರುಗಲಿಲ್ಲ. ಇನ್ನೊಮ್ಮೆ, ಗಂಟಲು ಹರಿಯುವಂತೆ ಕೂಗಿದೆ. ಆಕೆ ಅವನ ಬೆನ್ನು ತಟ್ಟಿದ ಮೇಲೆ ಗಾಡಿ ನಿಂತಿತು. ಅವನು ಇಳಿದು, ನನ್ನ ಕಡೆ ನಾಲ್ಕು ಹೆಜ್ಜೆ ನಡೆದು ಬಂದು ಕೇಳಿದ.

“ಕರದ್ರೇನ್ರಿ ಮೇಡಂ?”